ನಾಲ್ಕು ತಂತಿಯ ಗೃಹಸ್ಥ

ಗದಗ-ಬೆಟಗೇರಿಯೆಂದರೆ ಸಂಗೀತದ ಊರೆಂಬ ಮಾತು ಹೊಸತಲ್ಲ. ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪), ಅವರ ತರುವಾಯ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ನೆಲಸಿ ವೀರೇಶ್ವರ ಪುಣ್ಯಾಶ್ರಮದ ಮೂಲಕ ಅಂಧ ಬಾಲಕರಿಗೆ ಸ್ವರವನ್ನೇ ಕಣ್ಣಾಗಿ ಮಾಡಿಕೊಟ್ಟ ನೆಲವಿದು. ಇಲ್ಲಿಯ ಜನಕ್ಕೆ ತಂಬೂರಿಯನ್ನು ಹೊತ್ತು ನಡೆಯುವವರನ್ನು ಕಂಡರೆ ಆಶ್ಚರ್ಯವಿಲ್ಲ. ತಬಲಾ, ಹಾರ್ಮೋನಿಯಂಗಳು ಮನೆಯ ಪಾತ್ರೆಗಳಷ್ಟೇ ಪರಿಚಿತ. ಆದರೆ ಉದ್ದನೆಯ ಕರಿಯ ಚೀಲವೊಂದನ್ನು ಬೆನ್ನಿಗೇರಿಸಿ, ಕೈಯಲ್ಲಿ ಊಟದ ಡಬ್ಬಿಯನ್ನು ಹಿಡಿದು, ನಡುರಾತ್ರಿಯ ಹೊತ್ತಿನಲ್ಲಿ ಬಸ್ಸಿನಿಂದಿಳಿಯುವ ನಲವತ್ತೆಂಟರ ಗೃಹಸ್ಥರೊಬ್ಬರನ್ನು ಕಂಡರೆ ಮಾತ್ರ ನಿಲ್ದಾಣದ ಚಹದಂಗಡಿಯವನು ಇಂದಿಗೂ ಒಂದು ಪ್ರಶ್ನೆಯನ್ನು ಕೇಳದೆ ಬಿಡುವುದಿಲ್ಲ: “ಸರ, ಗಿಟಾರಕ್ಕ ಆರು ತಂತಿ ಇರತಾವಲ್ರಿ, ನಿಮ್ಮದಕ್ಕ ಎರಡು ಯಾರು ಕಿತ್ಕೊಂಡ್ರು?”

ಅವರು ನಕ್ಕು ಸುಮ್ಮನಾಗುತ್ತಾರೆ. ಅವರ ವಾದ್ಯಕ್ಕೆ ಇರಬೇಕಾದದ್ದೇ ನಾಲ್ಕು ತಂತಿ. ನಾಲ್ಕು ತಂತಿಯೆಂದೊಡನೆ ಕನ್ನಡಿಗರ ಮನಸ್ಸು ಧಾರವಾಡದತ್ತ ತಿರುಗಿ, ೧೯೬೪ರಲ್ಲಿ ಪ್ರಕಟವಾಗಿ ೧೯೭೩ರ ಜ್ಞಾನಪೀಠ ಪ್ರಶಸ್ತಿಗೆ ಪಾತ್ರವಾದ ಬೇಂದ್ರೆಯವರ ಕೃತಿಯನ್ನು ನೆನೆಯುವುದು ಸ್ವಾಭಾವಿಕ. ತಂಬೂರಿಗೂ ನಾಲ್ಕೇ ತಂತಿ. ಆದರೆ ಈ ಗೃಹಸ್ಥರ ವಾದ್ಯ ಕಾವ್ಯದ್ದೂ ಅಲ್ಲ, ಶಾಸ್ತ್ರೀಯ ಗೋಷ್ಠಿಯದ್ದೂ ಅಲ್ಲ. ಗಣೇಶೋತ್ಸವದ ಪೆಂಡಾಲು, ರಾಜ್ಯೋತ್ಸವದ ವೇದಿಕೆ, ಜಾತ್ರೆಯ ಬಯಲುಗಳಲ್ಲಿ ನಡೆಯುವ ‘ರಸಮಂಜರಿ’ ಎಂಬ ಚಿತ್ರಗೀತೆಗಳ ಕಾರ್ಯಕ್ರಮದಲ್ಲಿ, ಗಾಯಕರ ಬೆನ್ನ ಹಿಂದೆ, ಡ್ರಮ್ಮಿನ ಬಲಮಗ್ಗುಲಲ್ಲಿ, ಬೆಳಕು ತಲುಪದ ಎಡೆಯಲ್ಲಿ ನಿಂತು ನುಡಿಯುವ ಬೇಸ್ ಗಿಟಾರ್.

ಹಗಲಿನ ವೃತ್ತಿ ಬೇರೆ. ಭಾರತದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವು ೧೯೦೫ರಲ್ಲಿ ಸ್ಥಾಪಿತವಾದ ಕಣಗಿನಹಾಳವು ಇದೇ ಗದಗ ತಾಲೂಕಿನ ಗ್ರಾಮ. ಆ ಪರಂಪರೆಯ ನೂರಾರು ಸಂಘಗಳಲ್ಲೊಂದರಲ್ಲಿ ಇವರು ಲೆಕ್ಕದ ಗುಮಾಸ್ತರು. ಹತ್ತು ಗಂಟೆಗೆ ಖಾತೆಯ ಪುಸ್ತಕವನ್ನು ತೆರೆದರೆ ಸಂಜೆ ಐದೂವರೆಯವರೆಗೆ ಬೆಳೆಸಾಲ, ಬಡ್ಡಿ, ಗೊಬ್ಬರದ ಬಾಕಿ, ಪಾಲುಬಂಡವಾಳ. ಇಪ್ಪತ್ತನಾಲ್ಕು ವರ್ಷಗಳ ಸೇವೆಯಲ್ಲಿ ರೂಪಾಯಿಯ ವ್ಯತ್ಯಾಸ ಬಂದದ್ದಿಲ್ಲವೆಂಬ ಕೀರ್ತಿ ಅವರದಾಗಿತ್ತು. ಆಗಿತ್ತು ಎಂದು ಭೂತಕಾಲದಲ್ಲಿ ಹೇಳಬೇಕಾದ ಕಾರಣ ಮುಂದೆ ಬರುತ್ತದೆ.

ವಾದ್ಯದ ವಿಚಾರವನ್ನು ತುಸು ವಿಸ್ತರಿಸಿ ಹೇಳುವುದು ಅಗತ್ಯ. ಏಕೆಂದರೆ ಎಷ್ಟೋ ಜನ ಅದನ್ನು ಕೇಳುತ್ತಿದ್ದೂ ಕೇಳುತ್ತಿದ್ದೇವೆಂದು ಅರಿಯರು. ಪಾಶ್ಚಾತ್ಯ ಸಂಜ್ಞೆಯಂತೆ ಅದರ ತಂತಿಗಳು ಇ, ಎ, ಡಿ, ಜಿ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಒಂದು ತಂತಿಯನ್ನು ಷಡ್ಜವೆಂದು ಹಿಡಿದರೆ ಅದರ ಮುಂದಿನ ತಂತಿ ಶುದ್ಧ ಮಧ್ಯಮಕ್ಕೆ ನಿಲ್ಲುತ್ತದೆ. ಎಲ್ಲಕ್ಕಿಂತ ಕೆಳಗಿನದು ಕ್ಷಣಕ್ಕೆ ಸುಮಾರು ೪೧ ಸಲ ಕಂಪಿಸುವ ದಪ್ಪ ತಂತಿ. ಆ ಸ್ವರದ ಒಂದೊಂದು ಅಲೆಯೂ ಗಾಳಿಯಲ್ಲಿ ಎಂಟು ಮೀಟರಿಗೂ ಮಿಕ್ಕ ಉದ್ದ. ಅಂದರೆ ಸಾಮಾನ್ಯ ಮನೆಯ ಪಡಸಾಲೆಯಲ್ಲಿ ಅದರ ಒಂದು ಅಲೆ ಪೂರ್ತಿಯಾಗಿ ಹಿಡಿಯುವುದಿಲ್ಲ. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಮಂದ್ರಕ್ಕೆ ಹೃದಯವನ್ನೂ ಮಧ್ಯಕ್ಕೆ ಕಂಠವನ್ನೂ ತಾರಕ್ಕೆ ಶಿರಸ್ಸನ್ನೂ ಸ್ಥಾನಗಳಾಗಿ ಹೇಳಿದ್ದಾನೆ. ರಸಮಂಜರಿಯ ಧ್ವನಿಪೆಟ್ಟಿಗೆಯ ಮುಂದೆ ಒಮ್ಮೆ ನಿಂತವರು ಆ ಮಾತನ್ನು ಒಪ್ಪದಿರಲಾರರು; ಬೇಸ್ ಸ್ವರ ಕಿವಿಗೆ ಬರುವ ಮೊದಲು ಎದೆಯ ಎಲುಬಿಗೆ ಬಂದಿರುತ್ತದೆ.

ಈ ವಾದ್ಯವನ್ನು ಲೋಕಕ್ಕೆ ಕೊಟ್ಟವನು ಸಂಗೀತಗಾರನಲ್ಲ, ರೇಡಿಯೋ ರಿಪೇರಿ ಮಾಡುತ್ತಿದ್ದ ಲಿಯೋ ಫೆಂಡರ್ (೧೯೦೯–೧೯೯೧) ಎಂಬುದು ಕುತೂಹಲದ ಸಂಗತಿ. ಅಮೆರಿಕೆಯ ಸಿಯಾಟಲ್ ನಗರದಲ್ಲಿ ಪಾಲ್ ಟಟ್‌ಮಾರ್ಕ್ ಎಂಬವನು ೧೯೩೦ರ ದಶಕದಲ್ಲಿಯೇ ಅಂಥದೊಂದನ್ನು ಮಾಡಿದ್ದನಾದರೂ ಅದು ಪ್ರಚಾರಕ್ಕೆ ಬರಲಿಲ್ಲ. ಅಲ್ಲಿಯವರೆಗೆ ಮಂದ್ರಸ್ವರಕ್ಕಾಗಿ ಆಳೆತ್ತರದ ಡಬಲ್ ಬೇಸ್ ಎಂಬ ಪಿಟೀಲು ಜಾತಿಯ ವಾದ್ಯವನ್ನೇ ಆಶ್ರಯಿಸಬೇಕಾಗಿತ್ತು. ಅದನ್ನು ಹೊರುವುದೂ ಕಷ್ಟ, ದೊಡ್ಡ ಸಭೆಯಲ್ಲಿ ಕೇಳಿಸುವುದೂ ಕಷ್ಟ, ಮೆಟ್ಟಿಲುಗಳಿಲ್ಲದ ಕಾರಣ ಸ್ವರಸ್ಥಾನ ತಪ್ಪುವ ಭಯ ಬೇರೆ. ಫೆಂಡರನು ೧೯೫೧ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಎಂಬಲ್ಲಿ ಮೂವತ್ತನಾಲ್ಕು ಅಂಗುಲದ ತಂತಿಯಳತೆಯ, ವೀಣೆಯಂತೆ ಮೆಟ್ಟಿಲುಗಳುಳ್ಳ, ಹೆಗಲಿಗೆ ತೂಗುಹಾಕಿಕೊಳ್ಳಬಹುದಾದ ವಾದ್ಯವನ್ನು ಹೊರತಂದು ಅದಕ್ಕೆ ‘ಪ್ರಿಸಿಷನ್’ ಎಂದು ಹೆಸರಿಟ್ಟನು. ಸ್ವರವು ಕರಾರುವಾಕ್ಕಾಗಿ ಬೀಳುತ್ತದೆಂಬುದೇ ಆ ಹೆಸರಿನ ಅರ್ಥ. ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿನಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲಿನ ಉಕ್ಕಿನ ತಂತಿ ನಡುಗಿದರೆ ಕೆಳಗೆ ಕಿರಿದಾದ ವಿದ್ಯುತ್ತು ಹುಟ್ಟುತ್ತದೆ. ಉಳಿದದ್ದು ಆಂಪ್ಲಿಫಯರಿನ ಕೆಲಸ.

ಆ ವಾದ್ಯಕ್ಕೆ ಮಾತು ಕಲಿಸಿದವರಲ್ಲಿ ಡೆಟ್ರಾಯಿಟ್ ನಗರದ ಜೇಮ್ಸ್ ಜೇಮರ್‌ಸನ್ (೧೯೩೬–೧೯೮೩) ಅಗ್ರಗಣ್ಯ. ಬಲಗೈಯ ತೋರುಬೆರಳೊಂದರಿಂದಲೇ ನುಡಿಸುತ್ತಿದ್ದ ಆತನು ತಂತಿಗಳನ್ನು ಬದಲಿಸುತ್ತಿದ್ದುದು ತೀರ ಅಪರೂಪ. ಮೊಟೌನ್ ಕಂಪನಿಯ ಅಸಂಖ್ಯ ಜನಪ್ರಿಯ ಧ್ವನಿಮುದ್ರಿಕೆಗಳಲ್ಲಿ ಆತನ ಕೈಚಳಕವಿದ್ದರೂ ೧೯೭೧ರವರೆಗೆ ಆ ಕಂಪನಿಯ ತಟ್ಟೆಗಳ ಮೇಲೆ ವಾದಕರ ಹೆಸರು ಅಚ್ಚಾಗುತ್ತಿರಲಿಲ್ಲ. ಹಿಂದಿ ಚಿತ್ರಸಂಗೀತದಲ್ಲಿ ರಾಹುಲದೇವ ಬರ್ಮನ್ನರ ಬಳಗದ ಟೋನಿ ವಾಜ್ ಅವರ ಹೆಸರೂ ಬಲ್ಲವರಿಗಷ್ಟೇ ಗೊತ್ತು. ನಮ್ಮ ಜಿ. ಕೆ. ವೆಂಕಟೇಶರಲ್ಲಿ ಸಹಾಯಕರಾಗಿದ್ದ ಇಳಯರಾಜರು ಮುಂದೆ ಸ್ವತಂತ್ರರಾಗಿ ಸಂಯೋಜಿಸಿದ ‘ಗೀತಾ’ (೧೯೮೧), ‘ಪಲ್ಲವಿ ಅನುಪಲ್ಲವಿ’ (೧೯೮೩) ಚಿತ್ರಗಳ ಹಾಡುಗಳನ್ನು ಕನ್ನಡಿಗರು ಇಂದಿಗೂ ಗುನುಗುತ್ತಾರೆ. ಆದರೆ ಅವುಗಳ ಕೆಳಗೆ ಮತ್ತೊಂದು ಹಾಡಿನಂತೆಯೇ ಹರಿಯುವ ಬೇಸ್ ಗಿಟಾರಿನ ನಡೆಯನ್ನು ಗುನುಗುವವರು ಎಷ್ಟು ಮಂದಿ? ಈ ಗೃಹಸ್ಥರು ಗುನುಗುತ್ತಾರೆ. ಖಾತೆಯ ಪುಸ್ತಕದ ಮೇಲೆ ಬಾಗಿ ಅವರು ಗುನುಗುವ ರಾಗವಾವುದೆಂದು ಸಹೋದ್ಯೋಗಿಗಳಿಗೆ ಈವರೆಗೆ ಹೊಳೆದಿಲ್ಲ, ಏಕೆಂದರೆ ಅದು ಹಾಡಿನ ರಾಗವೇ ಅಲ್ಲ.

ಅವರು ಈ ವಿದ್ಯೆಯನ್ನು ಕಲಿತದ್ದು ಹುಬ್ಬಳ್ಳಿಯಲ್ಲಿ, ಕಾಲೇಜಿನ ದಿನಗಳಲ್ಲಿ, ರೇಲ್ವೆ ಕಾರ್ಖಾನೆಯಿಂದ ನಿವೃತ್ತರಾಗಿದ್ದ ಗೋವೆಯ ಮೂಲದ ವೃದ್ಧರೊಬ್ಬರಿಂದ. ಆ ಗುರುಗಳು ಮೊದಲ ಮೂರು ತಿಂಗಳು ಒಂದೇ ತಂತಿಯ ಮೇಲೆ ಒಂದೇ ಸ್ವರವನ್ನು ನುಡಿಸಗೊಟ್ಟರಂತೆ. ಗಡಿಯಾರದ ಟಿಕ್‌ಟಿಕ್ಕಿನೊಡನೆ, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ. ಮೊದಲ ವಾದ್ಯ ಕೊಲ್ಕತ್ತದಲ್ಲಿ ತಯಾರಾದ ಗಿವ್ಸನ್. ಮಳೆಗಾಲ ಬಂದರೆ ಅದರ ಕತ್ತು ಬಿಲ್ಲಿನಂತೆ ಬಾಗಿ, ತಂತಿ ಮೆಟ್ಟಿಲಿನಿಂದ ಅರ್ಧ ಬೆರಳು ಮೇಲೇಳುತ್ತಿತ್ತು. ಕತ್ತಿನೊಳಗೆ ಹುದುಗಿಸಿದ ಉಕ್ಕಿನ ಸರಳನ್ನು ಚಿಕ್ಕ ಕೀಲಿಯಿಂದ ಕಾಲುಸುತ್ತು ಬಿಗಿದರೆ ಮತ್ತೆ ನೆಟ್ಟಗೆ. ಹೆಚ್ಚು ಬಿಗಿದರೆ ಮರವೇ ಬಿರಿಯುವ ಅಪಾಯ. ಎರಡನೆಯದು, ಈಗಲೂ ಇರುವುದು, ಸೆಕೆಂಡ್‌ಹ್ಯಾಂಡ್ ಕೊಂಡ ಯಮಾಹಾ. ಮಗಳ ಜನನವಾದ ವರ್ಷವೇ ಅದೂ ಮನೆಗೆ ಬಂದದ್ದರಿಂದ ಇಬ್ಬರ ವಯಸ್ಸನ್ನೂ ಮನೆಯವರು ಒಟ್ಟಿಗೇ ಎಣಿಸುತ್ತಾರೆ.

ರಸಮಂಜರಿಯ ಋತುಚಕ್ರ ರೈತನದಕ್ಕಿಂತ ಭಿನ್ನವಲ್ಲ. ಭಾದ್ರಪದದ ಗಣೇಶ ಚತುರ್ಥಿಯಿಂದ ಸುಗ್ಗಿ. ನವರಾತ್ರಿ, ನವೆಂಬರಿನ ರಾಜ್ಯೋತ್ಸವ, ಮಾಘದಿಂದ ವೈಶಾಖದವರೆಗೆ ಜಾತ್ರೆಗಳು, ನಡುನಡುವೆ ಮದುವೆಯ ಆರತಕ್ಷತೆ. ಆಷಾಢ ಬಂದರೆ ಬರಗಾಲ. ಮೊದಲೆಲ್ಲ ರಾತ್ರಿ ಹತ್ತಕ್ಕೆ ಆರಂಭವಾಗಿ ಬೆಳ್ಳಿ ಮೂಡುವವರೆಗೆ ನಡೆಯುತ್ತಿದ್ದ ಕಾರ್ಯಕ್ರಮಗಳು, ೨೦೦೦ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ಬಂದು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕವನ್ನು ನಿಷೇಧಿಸಿದ ಮೇಲೆ ಕ್ರಮೇಣ ಸಂಜೆಗೆ ಸರಿದುವು. ವರ್ಷದಲ್ಲಿ ಹೆಚ್ಚೆಂದರೆ ಹದಿನೈದು ದಿನ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡುವ ಅಧಿಕಾರ ಸರಕಾರಕ್ಕುಂಟು. ಕಲಾವಿದರಲ್ಲಿ ಹಲವರು ಈ ನಿಯಮವನ್ನು ಶಪಿಸಿದರೂ ಹತ್ತು ಗಂಟೆಗೆ ಕಚೇರಿಯಲ್ಲಿ ಕೂರಬೇಕಾದ ನೌಕರನಿಗೆ ಅದು ವರವೇ ಆಯಿತೆನ್ನಬೇಕು. ಎರಡು ಗಂಟೆಯಾದರೂ ನಿದ್ರೆ ಹೆಚ್ಚಿತು.

ಮೊದಲ ಹತ್ತು ವರ್ಷ ಅವರು ನುಡಿಸಿದ ಹಳ್ಳಿಗಳಲ್ಲಿ ಧ್ವನಿವರ್ಧಕವೆಂದರೆ ಬೇವಿನ ಮರಕ್ಕೋ ದೀಪದ ಕಂಬಕ್ಕೋ ಕಟ್ಟಿದ ತಗಡಿನ ಕಹಳೆ. ಮಾತು ಮೈಲಿ ದೂರ ಹೋಗುವಂತೆ ರಚಿತವಾದ ಈ ಕಹಳೆಗಳು ಕ್ಷಣಕ್ಕೆ ಇನ್ನೂರಕ್ಕಿಂತ ಕಡಿಮೆಯಾದ ಕಂಪನಗಳನ್ನು ಹೊರಗೆಡಹುವುದೇ ಕಷ್ಟ. ನಲವತ್ತೊಂದರ ಸ್ವರಕ್ಕೆ ಅಲ್ಲಿ ಪ್ರವೇಶವೇ ಇಲ್ಲ. ಹಾಗಿದ್ದರೆ ಅವರು ನುಡಿಸಿದ್ದು ವ್ಯರ್ಥವಾಯಿತೇ? ಇಲ್ಲಿ ಕಿವಿಯ ಒಂದು ವಿಚಿತ್ರ ಶಕ್ತಿ ನೆರವಿಗೆ ಬರುತ್ತದೆ. ತಂತಿಯು ನಲವತ್ತೊಂದರ ಜೊತೆಗೆ ಅದರ ಗುಣಿತಗಳನ್ನೂ ಹೊರಡಿಸುತ್ತದೆ. ಅವುಗಳಲ್ಲಿ ಇನ್ನೂರ ಐದು, ಇನ್ನೂರ ನಲವತ್ತಾರು, ಇನ್ನೂರ ಎಂಬತ್ತೇಳು ಮಾತ್ರ ಕಿವಿಗೆ ತಲುಪಿದರೂ, ಇವುಗಳ ನಡುವಣ ಅಂತರ ನಲವತ್ತೊಂದೇ ಎಂಬುದನ್ನು ಕೇಳುವವನ ಮೆದುಳು ಗ್ರಹಿಸಿ, ಇಲ್ಲದ ಮೂಲಸ್ವರವನ್ನು ತಾನೇ ಕೇಳಿಕೊಳ್ಳುತ್ತದೆ. ವ್ಯಾಕರಣದಲ್ಲಿ ಇದಕ್ಕೆ ಅಧ್ಯಾಹಾರವೆನ್ನುತ್ತಾರೆ. ವಾಕ್ಯದಲ್ಲಿ ಕ್ರಿಯಾಪದ ಕಾಣಿಸದಿದ್ದರೂ ಬಲ್ಲವನು ಅದನ್ನು ತಂದುಕೊಂಡು ಅರ್ಥಮಾಡುವುದಿಲ್ಲವೇ? ಬಯಲಿನಲ್ಲಿ ಕಂಬಳಿ ಹಾಸಿ ಕುಳಿತ ಒಕ್ಕಲಿಗರು ವರ್ಷಾನುಗಟ್ಟಲೆ ಇವರ ಸ್ವರಗಳನ್ನು ಅಧ್ಯಾಹಾರ ಮಾಡಿಕೊಂಡು ಕೇಳಿದರು.

ಇನ್ನೊಂದು ವಿಪತ್ತು ಭೂಸಂಪರ್ಕದ್ದು. ಹಳ್ಳಿಯ ಪೆಂಡಾಲಿಗೆ ಕಂಬದಿಂದ ನೇರವಾಗಿ ತಂದ ವಿದ್ಯುತ್ತಿನಲ್ಲಿ ಅರ್ಥಿಂಗ್ ಎಂಬುದು ಅನೇಕ ಸಲ ಹೆಸರಿಗೂ ಇರುವುದಿಲ್ಲ. ಆಗ ಧ್ವನಿಪೆಟ್ಟಿಗೆಯು ದುಂಬಿಯಂತೆ ಗುಂಯ್‌ಗುಡತೊಡಗುತ್ತದೆ. ನಮ್ಮ ದೇಶದ ವಿದ್ಯುತ್ತು ಕ್ಷಣಕ್ಕೆ ಐವತ್ತು ಆವರ್ತಗಳನ್ನು ಪೂರೈಸುವಂಥದು. ಬೇಸ್ ಗಿಟಾರಿನ ಕೆಳತಂತಿಯ ಮೂರನೆಯ ಮೆಟ್ಟಿಲಿನ ಸ್ವರ ನಲವತ್ತೊಂಬತ್ತು. ಎರಡೂ ಒಂದಕ್ಕೊಂದು ತೀರ ಸಮೀಪವಾದುದರಿಂದ ಆ ಸ್ವರವನ್ನು ನುಡಿಸಿದಾಗಲೆಲ್ಲ ಗುಂಯ್‌ಕಾರದೊಡನೆ ತೊಯ್ದಾಡುವ ಒಂದು ಅಲೆ ಏಳುತ್ತದೆ. “ಇಲೆಕ್ಟ್ರಿಸಿಟಿಯವರು ನನಗ ಪುಕಟ ತಂಬೂರಿ ಕೊಟ್ಟಾರ, ಆದರ ಶ್ರುತಿ ಸ್ವಲ್ಪ ಏರೇತಿ” ಎಂದು ಅವರು ಚೇಷ್ಟೆ ಮಾಡುವುದುಂಟು. ಚೇಷ್ಟೆ ಹಾಗಿರಲಿ, ಭೂಸಂಪರ್ಕವಿಲ್ಲದ ಕಡೆ ಒಂದು ಕೈ ತಂತಿಯ ಮೇಲಿದ್ದು ತುಟಿ ಮೈಕಿಗೆ ತಗಲಿದರೆ ಪ್ರಾಣಕ್ಕೇ ಅಪಾಯ. ಅದಕ್ಕಾಗಿಯೇ ಅವರ ಚೀಲದಲ್ಲಿ ಟೆಸ್ಟರು ಯಾವಾಗಲೂ ಇರುತ್ತದೆ. ತಂತಿ ಮರೆತು ಹೋದದ್ದುಂಟು, ಟೆಸ್ಟರನ್ನು ಮರೆತದ್ದಿಲ್ಲ.

ತಂತಿಯ ಮಾತು ಬಂದುದರಿಂದ ಅಡುಗೆಮನೆಯ ವಿಚಾರವನ್ನೂ ಹೇಳಬೇಕು. ವಿದೇಶೀ ತಂತಿಯ ಒಂದು ಕಟ್ಟಿಗೆ ಇಂದು ಎರಡು ಸಾವಿರ ರೂಪಾಯಿ ದಾಟುತ್ತದೆ. ಬೆವರು, ಧೂಳು, ಬೆರಳಿನ ಎಣ್ಣೆಯಂಶಗಳು ತಂತಿಯ ಸುತ್ತುಗಳ ನಡುವೆ ಸೇರಿ ಕೆಲವು ತಿಂಗಳಲ್ಲಿ ನಾದ ಮಂಕಾಗುತ್ತದೆ. ಬಡ ಬೇಸ್ ವಾದಕರಿಗೆಲ್ಲ ಗೊತ್ತಿರುವ ಉಪಾಯವೆಂದರೆ ತಂತಿಗಳನ್ನು ಬಿಚ್ಚಿ, ಸುರುಳಿ ಸುತ್ತಿ, ಹತ್ತು ನಿಮಿಷ ನೀರಿನಲ್ಲಿ ಕುದಿಸಿ ಒಣಗಿಸುವುದು. ನಾದ ಮರಳುತ್ತದೆ, ಕೆಲವು ವಾರಗಳ ಮಟ್ಟಿಗಾದರೂ. ಮದುವೆಯಾದ ಹೊಸತರಲ್ಲಿ ಮೊದಲ ಸಲ ಒಲೆಯ ಮೇಲೆ ಉಕ್ಕಿನ ತಂತಿ ಕುದಿಯುವುದನ್ನು ಕಂಡ ಅವರ ಮಡದಿ ಕ್ಷಣಕಾಲ ಏನೂ ತೋಚದೆ ನಿಂತು, ಕೊನೆಗೆ ಹೇಳಿದ್ದು ಇಷ್ಟೇ: “ಏನ್ರೀ, ಸಾರಿನ ಬೋಗಾಣಿ ಬ್ಯಾಡ. ಹಳೇದು ಅಟ್ಟದ ಮ್ಯಾಲ ಐತಿ, ಅದನ್ನ ತಗೋರಿ.” ಅಂದಿನಿಂದ ಆ ಬೋಗಾಣಿಗೆ ಮನೆಯಲ್ಲಿ ‘ಗಿಟಾರ ಬೋಗಾಣಿ’ ಎಂದೇ ಹೆಸರು. ಒಬ್ಬ ಕಲಾವಿದನ ಸಂಸಾರದಲ್ಲಿ ಇದಕ್ಕಿಂತ ಮಿಗಿಲಾದ ಸಮ್ಮತಿಪತ್ರ ಯಾವುದು ಬೇಕು?

ಹದಿನೈದು ಅಂಗುಲದ ಸ್ಪೀಕರುಳ್ಳ ಹಳೆಯ ಆಂಪ್ಲಿಫಯರು ಮೂವತ್ತು ಕಿಲೋಗ್ರಾಮಿಗೂ ಮಿಕ್ಕ ಭಾರದ್ದು. ಅದನ್ನು ಬಸ್ಸಿನ ಮೇಲೇರಿಸಿ ಇಳಿಸಿ ಅವರ ಸೊಂಟ ಶಾಶ್ವತವಾಗಿ ನೋವನ್ನು ಪಡೆಯಿತು. ಈಚೆಗೆ ಕೊಂಡದ್ದು ಊಟದ ಡಬ್ಬಿಗಿಂತ ತುಸು ದೊಡ್ಡದಾದ, ಮೂರು ಕಿಲೋಗ್ರಾಂ ತೂಗದ ಹೊಸ ಬಗೆಯ ಯಂತ್ರ. ಶಕ್ತಿಯಲ್ಲಿ ಹಳೆಯದಕ್ಕಿಂತ ಮೂರು ಮಡಿ. ಯಂತ್ರಗಳು ಹಗುರವಾದಂತೆ ವಾದಕನೂ ಹಗುರವಾಗಿಬಿಡುವನೆಂದು ಮಾತ್ರ ಅವರು ಎಣಿಸಿರಲಿಲ್ಲ.

ಅದರ ಸೂಚನೆ ಮೊದಲೇ ಇದ್ದಿತು. ರೋಲ್ಯಾಂಡ್ ಕಂಪನಿ ೧೯೮೫ರಲ್ಲಿ ಆಕ್ಟೋಪ್ಯಾಡನ್ನು ತಂದ ಮೇಲೆ, ಮೆಲ್ಲಗೆ ಢೋಲಕು, ಕಾಂಗೋ, ತಮಟೆಗಳ ಹಲವು ವಾದಕರ ಕೆಲಸವನ್ನು ಒಂದು ಹಲಗೆಯೇ ಮಾಡತೊಡಗಿತು. ಕೀಬೋರ್ಡು ಪಿಟೀಲು ಕೊಳಲುಗಳ ಸ್ಥಾನವನ್ನು ಆಕ್ರಮಿಸಿತು. ಕೊನೆಗೆ, ಹಾಡನ್ನುಳಿದು ಸಕಲವಾದ್ಯಗಳೂ ಮುದ್ರಿತವಾಗಿ ಬೆರಳುದ್ದದ ಪೆನ್‌ಡ್ರೈವಿನಲ್ಲಿ ಅಡಗಿ ಬಂದುವು. ಇದಕ್ಕೆ ‘ಟ್ರ್ಯಾಕ್’ ಎನ್ನುತ್ತಾರೆ. ಕಳೆದ ಯುಗಾದಿಯ ಮರುವಾರ ತಂಡದ ನಾಯಕರು ಇವರನ್ನು ಖಾನಾವಳಿಗೆ ಕರೆದು, ಊಟವಾದ ಮೇಲೆ, ನೆಲವನ್ನು ನೋಡುತ್ತ ಹೇಳಿದರು: “ಅಣ್ಣಾರ, ತಪ್ಪು ತಿಳಕೋಬ್ಯಾಡ್ರಿ. ಕಮಿಟಿಯವರು ರೊಕ್ಕ ಕಡಿಮಿ ಮಾಡ್ಯಾರ. ಬೇಸು ಎಲ್ಲಾ ಟ್ರ್ಯಾಕಿನ್ಯಾಗ ಬರತೈತಿ. ಬರೋ ಗಣಪತಿಯಿಂದ ನಿಮಗ ತ್ರಾಸ ಕೊಡೂದು ಬ್ಯಾಡಂತ ಮಾಡೇನಿ.” ನಾಯಕರನ್ನು ದೂಷಿಸುವುದು ಸುಲಭ, ಆದರೆ ನ್ಯಾಯವಲ್ಲ. ಆರು ಜನರ ಸಂಭಾವನೆಯನ್ನು ನಾಲ್ವರದಾಗಿಸಿದರೆ ಮಾತ್ರ ಉಳಿದ ನಾಲ್ವರ ಮನೆಯ ಒಲೆ ಉರಿಯುವ ಸ್ಥಿತಿ ಅವರದು.

ವಿಧಿವಿಲಾಸವೆಂದರೆ, ಅದೇ ದಿನ ಇವರೂ ತಂಡವನ್ನು ಬಿಡುವ ಮಾತನ್ನು ಬಾಯಲ್ಲಿಟ್ಟುಕೊಂಡೇ ಖಾನಾವಳಿಗೆ ಹೋಗಿದ್ದರು. ಕಾರಣ ಕಿವಿ.

ವರ್ಷದ ಹಿಂದೆ ಮನೆಯಾಕೆ ಸಕ್ಕರಿ ತರಹೇಳಿದಾಗ ಇವರು ಅಕ್ಕಿ ತಂದರು. ಎಲ್ಲರೂ ನಕ್ಕರು. ಆಮೇಲೆ ರಾತ್ರಿಗಳಲ್ಲಿ, ಊರೆಲ್ಲ ಮಲಗಿದ ಮೇಲೂ, ಕಿವಿಯೊಳಗೆ ಜೀರುಂಡೆಯೊಂದು ನಿಲ್ಲದೆ ಕೂಗತೊಡಗಿತು. ಅದನ್ನು ಯಾರಿಗೂ ಹೇಳಲಿಲ್ಲ. ಕೊನೆಗೊಂದು ದಿನ ಸಂಘದಲ್ಲಿ ಸದಸ್ಯರೊಬ್ಬರು ಗದ್ದಲದ ನಡುವೆ ‘ಇಪ್ಪತ್ತು ಸಾವಿರ’ ಎಂದದ್ದನ್ನು ಇವರು ‘ಎಪ್ಪತ್ತು’ ಎಂದು ಬರೆದುಬಿಟ್ಟರು. ಸಂಜೆಯ ತಾಳೆಯಲ್ಲಿ ತಪ್ಪು ಸಿಕ್ಕಿತಾದರೂ ಇಪ್ಪತ್ತನಾಲ್ಕು ವರ್ಷಗಳ ಕೀರ್ತಿಗೆ ಕೆಂಪು ಶಾಯಿಯ ಗೀಟು ಬಿದ್ದಿತು. ಅಂದು ಅವರು ಮನೆಗೆ ಬಂದು ಊಟ ಮಾಡಲಿಲ್ಲ. ಮರುವಾರ ಹುಬ್ಬಳ್ಳಿಯ ವೈದ್ಯರೊಬ್ಬರು ಪರೀಕ್ಷೆ ಮಾಡಿ, ಕಾಗದದ ಮೇಲೆ ಗೆರೆಯೆಳೆದು ತೋರಿಸಿದರು: ಗೆರೆಯು ನಾಲ್ಕು ಸಾವಿರ ಕಂಪನಗಳ ಬಳಿ ಬಾವಿಗೆ ಬಿದ್ದಂತೆ ಕೆಳಗಿಳಿದಿತ್ತು. ಅತಿಶಬ್ದದಿಂದ ಬರುವ ಕಿವುಡು ಹೀಗೆಯೇ ಮೊದಲಾಗುವುದಂತೆ. ಎಂಬತ್ತೈದು ಡೆಸಿಬೆಲ್ಲಿನ ಶಬ್ದವನ್ನು ದಿನಕ್ಕೆ ಎಂಟು ತಾಸು ತಾಳಬಹುದು. ಅಲ್ಲಿಂದ ಮೂರು ಏರಿದಂತೆಲ್ಲ ಅವಧಿ ಅರ್ಧವಾಗುತ್ತ ಹೋಗಿ, ನೂರಕ್ಕೆ ಬರುವಾಗ ಉಳಿಯುವುದು ಕಾಲು ತಾಸು. ರಸಮಂಜರಿ ನಡೆಯುವುದು ಮೂರು ತಾಸು. ಇವರು ನಿಲ್ಲುವುದು ಡ್ರಮ್ಮಿನ ಕಂಚಿನ ತಾಳದಿಂದ ಎರಡು ಮೊಳ ದೂರದಲ್ಲಿ, ಎಡಗಿವಿಯನ್ನು ಅದಕ್ಕೊಡ್ಡಿ.

ಇದರಲ್ಲೊಂದು ವಕ್ರನ್ಯಾಯವಿದೆ. ಮಂದ್ರವನ್ನು ನುಡಿಸಿದವನಿಗೆ ಮಂದ್ರ ಪೂರ್ತಿಯಾಗಿ ಕೇಳಿಸುತ್ತದೆ. ಕಳೆದುಹೋಗುವುದು ಮೇಲಿನ ಸೂಕ್ಷ್ಮಧ್ವನಿ. ವೈಯಾಕರಣರು ಊಷ್ಮಗಳೆಂದು ಕರೆಯುವ ಶಕಾರ ಷಕಾರ ಸಕಾರಗಳ ಪ್ರಾಣ ಆ ಮೇಲಿನ ಕಂಪನಗಳಲ್ಲಿದೆ. ಆದುದರಿಂದಲೇ ಸಕ್ಕರಿಯ ತಲೆ ಹಾರಿಹೋದದ್ದು.

ಖಾನಾವಳಿಯಲ್ಲಿ ನಾಯಕರು ತಾವೇ ಮಾತು ಮುಗಿಸಿದ್ದರಿಂದ ಇವರು ತಮ್ಮ ಮಾತನ್ನು ನುಂಗಿ, “ಆತ್ರಿ” ಎಂದಷ್ಟೇ ಹೇಳಿ ಎದ್ದರು. ತಾನೇ ಬಿಡುವುದು ಬೇರೆ, ಬಿಡಿಸಿಕೊಳ್ಳುವುದು ಬೇರೆ. ಒಪ್ಪಿಕೊಂಡಿದ್ದ ಜಾತ್ರೆಯ ಕಾರ್ಯಕ್ರಮವೊಂದು ಮಾತ್ರ ಉಳಿದಿತ್ತು.

ಆ ಕಡೆಯ ಕಾರ್ಯಕ್ರಮ ರೋಣದ ಕಡೆಯ ಒಂದು ಹಳ್ಳಿಯಲ್ಲಿ. ಜನ ಕಿಕ್ಕಿರಿದಿದ್ದರು. ಅರ್ಧದಷ್ಟು ಹಾಡು ಟ್ರ್ಯಾಕಿನ ಮೇಲೆಯೇ ನಡೆದುವು. ಇವರು ಕೈಕಟ್ಟಿ ನಿಂತಿದ್ದರು. ಒಂಬತ್ತರ ಸುಮಾರಿಗೆ ಗದಗಿನ ಕಾಲೇಜಿನಲ್ಲಿ ಓದುವ ಹುಡುಗಿಯೊಬ್ಬಳು ಹಳೆಯ ವಿಳಂಬಗತಿಯ ಗೀತೆಯೊಂದನ್ನು ಹಾಡಲು ಬಂದಳು. ಅದಕ್ಕೆ ಟ್ರ್ಯಾಕ್ ಇರಲಿಲ್ಲ. ಕೀಬೋರ್ಡಿನ ಮೆಲುದನಿ, ತಬಲಾ, ಕೆಳಗೆ ಬೇಸ್. ಎರಡನೆಯ ಚರಣದಲ್ಲಿ ಇವರ ವಾಯರಿನ ಬೆಸುಗೆ ಕಡಿದು ನಾದ ನಿಂತಿತು. ಕೇಳುಗರಲ್ಲಿ ಒಬ್ಬರೂ ತಲೆಯೆತ್ತಲಿಲ್ಲ, ನಾಯಕರಿಗೂ ಗೊತ್ತಾಗಲಿಲ್ಲ. ಆದರೆ ಹುಡುಗಿಯ ಸ್ವರ ಮಾತ್ರ, ಏಣಿಯ ಮೆಟ್ಟಿಲನ್ನು ಕಾಲಿನಿಂದ ಹುಡುಕುವವರಂತೆ ಒಂದು ಗಳಿಗೆ ತಡವರಿಸಿ, ಶ್ರುತಿಯಿಂದ ಕೂದಲೆಳೆಯಷ್ಟು ಕೆಳಗಿಳಿಯಿತು. ಆಕೆ ಹಾಡುತ್ತಲೇ ಹಿಂದಿರುಗಿ ನೋಡಿದಳು. ಮುಂದೆ ಕುಳಿತ ಸಾವಿರ ಜನರನ್ನು ಬಿಟ್ಟು ಹಿಂದೆ ಕತ್ತಲೆಯಲ್ಲಿ ನಿಂತವರನ್ನು ವೇದಿಕೆಯ ಮೇಲಿನಿಂದ ಯಾರಾದರೂ ನೋಡಿದ್ದು ಅವರ ಅನುಭವದಲ್ಲಿ ಅದೇ ಮೊದಲು. ಅವರು ಮೊಣಕಾಲೂರಿ, ಚೀಲದಿಂದ ಇನ್ನೊಂದು ವಾಯರನ್ನು ತೆಗೆದು ಸಿಕ್ಕಿಸಿ, ಪಲ್ಲವಿಗೆ ಮರಳುವ ಹೊತ್ತಿಗೆ ಷಡ್ಜದ ಮೇಲೆ ಬಂದು ನಿಂತರು. ಹಾಡು ಮುಗಿಯಿತು, ಚಪ್ಪಾಳೆ ಬಿದ್ದಿತು.

ಕೆಳಗಿಳಿದ ಮೇಲೆ ಹುಡುಗಿ ಬಂದಳು. “ಕಾಕಾ, ಚರಣದಾಗ ನೀವು ಯಾಕ ನಿಂತ್ರಿ? ನನಗ ಕಾಲಾಗಿನ ನೆಲಾನ ಸರದಂಗಾತು.”

“ನಾ ನಿಂದರಲಿಲ್ಲ ತಂಗಿ, ವಾಯರ ನಿಂತಿತು.”

ಆಕೆ ನಾಯಕರಿಗೂ ಅದನ್ನೇ ಹೇಳಿದಳು. ಬೇಸ್ ಇಲ್ಲದಿದ್ದರೆ ನಿಧಾನದ ಹಾಡುಗಳನ್ನು ತಾನು ಹಾಡಲಾರೆನೆಂದೂ ಹೇಳಿದಳಂತೆ. ಟ್ರ್ಯಾಕು ಹಾಡುಗಾರನಿಗಾಗಿ ಕಾಯದು. ಒಂದು ಪದವನ್ನು ಎಳೆದರೆ, ಒಂದೆಡೆ ಉಸಿರಿಗಾಗಿ ನಿಂತರೆ, ಅದು ತನ್ನ ಪಾಡಿಗೆ ತಾನು ಮುಂದೆ ಹೋಗಿಬಿಡುತ್ತದೆ. ಜೊತೆಗೆ ನಿಲ್ಲಬಲ್ಲದ್ದು ಮನುಷ್ಯನ ಬೆರಳು ಮಾತ್ರ. ನಾಯಕರು ವ್ಯವಹಾರಿಗಳು, ಎರಡು ದಿನ ಯೋಚಿಸಿ ಒಂದು ಮಧ್ಯಮಮಾರ್ಗವನ್ನು ಕಂಡುಹಿಡಿದರು. ವರ್ಷಕ್ಕೆ ನಲವತ್ತು ಕಾರ್ಯಕ್ರಮಗಳ ಬದಲು ಹನ್ನೆರಡು. ರಾತ್ರಿಗೆ ಸಾವಿರದ ಐನೂರರ ಬದಲು ಎಂಟುನೂರು. ವಿಳಂಬದ ಆರೇಳು ಹಾಡುಗಳಿಗೆ ಮಾತ್ರ ಇವರು. ಈ ಲೆಕ್ಕವನ್ನು ಕೇಳಿ ಲೆಕ್ಕದ ಗುಮಾಸ್ತರು ನಕ್ಕರು. ಬಸ್ಸಿನ ಖರ್ಚು, ತಂತಿಯ ಖರ್ಚು ಕಳೆದರೆ ಉಳಿಯುವುದೇನೆಂದು ಅವರಿಗೆ ಬಾಯಿಲೆಕ್ಕದಲ್ಲೇ ಗೊತ್ತು. ಮನೆಯಲ್ಲಿ ಎರಡು ರಾತ್ರಿ ಚರ್ಚೆಯಾಯಿತು. ಮಡದಿಯ ಆಕ್ಷೇಪ ಹಣದ್ದಲ್ಲ. “ಕಿವಿ ಹೋದ್ರ ನೌಕರಿ ಹೋಗತೈತಿ. ನೌಕರಿ ಹೋದ್ರ ಮಗಳ ಓದು?” ಎಂಬ ಆಕೆಯ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ, ಇಂದಿಗೂ ಪೂರ್ತಿಯಾಗಿ ಇಲ್ಲ. ಮೂರನೆಯ ದಿನ ಅವರು ನಾಯಕರಿಗೆ ಫೋನು ಮಾಡಿ, ಡ್ರಮ್ಮಿನ ಬಳಿ ನಿಲ್ಲುವುದಿಲ್ಲ, ವೇದಿಕೆಯ ಇನ್ನೊಂದು ತುದಿಯಲ್ಲಿ ತಬಲದ ಹತ್ತಿರ ಸ್ಥಳ ಕೊಡುವುದಾದರೆ ಬರುತ್ತೇನೆಂದರು. ನಾಯಕರು ಒಪ್ಪಿದ ಮೇಲೆ ಹಳೆಯ ಆಂಪ್ಲಿಫಯರನ್ನು ಮಾರಿ, ಬಂದ ಹಣದಲ್ಲಿ ಕಿವಿಯ ಅಚ್ಚು ತೆಗೆಸಿ ಮಾಡಿಸಿದ ವಾದಕರ ಬಿರಡೆಗಳನ್ನು ಕೊಂಡರು. ಅಂಗಡಿಯ ಸಾಮಾನ್ಯ ಸ್ಪಂಜಿನ ಬಿರಡೆ ಮೇಲಿನ ಸ್ವರಗಳನ್ನೇ ಹೆಚ್ಚಾಗಿ ನುಂಗುವುದರಿಂದ ಎಲ್ಲವೂ ಕಂಬಳಿಯೊಳಗಿನಿಂದ ಕೇಳಿದಂತಾಗುತ್ತದೆ. ಇವು ಹಾಗಲ್ಲ, ಎಲ್ಲ ಸ್ವರಗಳನ್ನೂ ಸರಿಸಮವಾಗಿ ತಗ್ಗಿಸುತ್ತವೆ. ಹೋದ ಕಿವಿಯನ್ನು ಮಾತ್ರ ಇವು ತಂದುಕೊಡಲಾರವು. ಸಂಘದಲ್ಲಿಯೂ ಅವರು ಈಗ ಹಣದ ಮೊತ್ತವನ್ನು ಸದಸ್ಯರ ಬಾಯಿಂದ ಕೇಳಿ ಬರೆಯುವುದಿಲ್ಲ. ಚೀಟಿಯಲ್ಲಿ ಅಂಕಿಗಳಿಂದ ಬರೆಸಿಕೊಂಡು, ಓದಿ ಹೇಳಿ, ಆಮೇಲೆ ಪುಸ್ತಕಕ್ಕೇರಿಸುತ್ತಾರೆ. ಕಾರ್ಯದರ್ಶಿಗಳು ಆ ಪದ್ಧತಿಯನ್ನು ಮೆಚ್ಚಿ ಉಳಿದವರೂ ಹಾಗೆಯೇ ಮಾಡಬೇಕೆಂದು ಸೂಚಿಸಿದ್ದಾರೆ. ಅದರ ಹಿಂದಿನ ಕಾರಣ ಅವರಿಗೆ ತಿಳಿಯದು.

ಆಷಾಢದ ಕೊನೆಯ ಭಾನುವಾರ ಗಿಟಾರ ಬೋಗಾಣಿ ಅಟ್ಟದಿಂದ ಇಳಿಯಿತು. ಕುದಿದ ನಾಲ್ಕು ತಂತಿಗಳು ಹಿತ್ತಿಲಿನ ಹಗ್ಗದ ಮೇಲೆ ಮಗಳ ಸಮವಸ್ತ್ರದ ಪಕ್ಕದಲ್ಲಿ ತೂಗುತ್ತಿದ್ದುವು. ಗೋಡೆಯ ಕ್ಯಾಲೆಂಡರಿನಲ್ಲಿ ಹನ್ನೆರಡು ದಿನಾಂಕಗಳ ಸುತ್ತ ಪೆನ್ಸಿಲಿನ ವೃತ್ತಗಳಿವೆ. ಅವುಗಳಲ್ಲಿ ಮೊದಲನೆಯದು, ಗಣೇಶೋತ್ಸವದ್ದು, ಸಂಘದ ವಾರ್ಷಿಕ ಮಹಾಸಭೆಯ ದಿನವೇ ಬಂದಿದೆ. ಮಹಾಸಭೆ ನಾಲ್ಕಕ್ಕೆ ಮುಗಿಯಬೇಕು, ಲೆಕ್ಕಪತ್ರಗಳ ಮೇಲೆ ಸದಸ್ಯರು ಹೆಚ್ಚು ಪ್ರಶ್ನೆ ಕೇಳದಿದ್ದರೆ, ಐದೂವರೆಗೆ ಬಸ್ಸು. ನಿಧಾನದ ಹಾಡುಗಳನ್ನು ಎಂಟರ ಮೇಲೆ ಇಟ್ಟುಕೊಳ್ಳಬೇಕೆಂದು ಅವರು ಈಗಾಗಲೇ ಆ ಹುಡುಗಿಗೆ ಹೇಳಿ ಕಳುಹಿಸಿದ್ದಾರೆ.